ಬೆರಳು ಮಡಚುತ್ತಿಲ್ಲ, ರೋಬೋಟ್ ಥೆರಪಿ ಮಾಡಿಸಬೇಕಾ?

ಪ್ರಶ್ನೆ: ನಾವು ಶಿಡ್ಲಘಟ್ಟದವರು. ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ಇದೆ. ಐದು ತಿಂಗಳ ಹಿಂದೆ ಗೂಡು ಬೇಯಿಸುವಾಗ ಕುದಿಯುವ ನೀರು ನನ್ನ ಹೆಂಡತಿಯ ಬಲಗೈ ಹಿಂಬದಿಗೆ ಬಿತ್ತು. ಬೆಂಗಳೂರಿನಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದರು. ಗಾಯ ಪೂರ್ತಿ ಒಣಗಿದೆ. ಆದರೆ ಮುಷ್ಟಿ ಕಟ್ಟಲು ಆಗುತ್ತಿಲ್ಲ, ಹೆಬ್ಬೆರಳು ಅಗಲ ಆಗುತ್ತಿಲ್ಲ. ಆಸ್ಪತ್ರೆಯವರು ಕೊಟ್ಟ ಬಿಗಿ ಗ್ಲೌಸನ್ನು ತುರಿಕೆ ಅಂತ ಹಾಕಿಕೊಳ್ಳುತ್ತಿಲ್ಲ. ಈಗ ಬೆಂಗಳೂರಿನ ಒಂದು ಸೆಂಟರ್‌ನವರು ರೋಬೋಟ್ ಥೆರಪಿಯಿಂದ ಕೈ ಸರಿಹೋಗುತ್ತದೆ, 20 ಸಿಟ್ಟಿಂಗ್ ಬೇಕು, ಹಣ ಮೊದಲೇ ಕಟ್ಟಿ ಎನ್ನುತ್ತಿದ್ದಾರೆ. ಅದಕ್ಕೆ ಸಾಲ ಮಾಡಬೇಕು. ಆನ್‌ಲೈನ್‌ನಲ್ಲಿ ಕಮ್ಮಿ ಬೆಲೆಯ ರೋಬೋಟ್ ಗ್ಲೌಸ್ ಕೂಡ ಸಿಗುತ್ತದೆ ಅಂತ ಮಗ ಹೇಳುತ್ತಾನೆ. ಯಾವುದು ಮಾಡಿಸಲಿ ಮೇಡಂ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸಾಲ ಮಾಡಿ 20 ಸಿಟ್ಟಿಂಗ್‌ಗೆ ಒಂದೇ ಸಲ ಹಣ ಕಟ್ಟಬೇಡಿ. ಆನ್‌ಲೈನ್ ಗ್ಲೌಸ್ ಅಂತೂ ಈಗ ಬೇಡವೇ ಬೇಡ. ಹಾಗಂತ ರೋಬೋಟ್ ಥೆರಪಿ ಮೋಸ ಎಂದು ನಾನು ಹೇಳುತ್ತಿಲ್ಲ. ಅದರಿಂದ ಉಪಯೋಗ ಆಗುವ ಕೈಗಳು ಇವೆ. ನಿಮ್ಮ ಮನೆಯವರ ಕೈ ಅಂಥದ್ದಾ ಅನ್ನೋದು ಹಣ ಕಟ್ಟುವ ಮುಂಚೆ ಗೊತ್ತಾಗಬೇಕು. ಅದನ್ನು ಗೊತ್ತುಮಾಡಿಕೊಳ್ಳುವ ದಾರಿ ಇದೆ, ಅದಕ್ಕೆ ಜಾಸ್ತಿ ಖರ್ಚೂ ಇಲ್ಲ. ನಾನು ಕೈ ಥೆರಪಿ ಮಾಡುವವಳು. ಈ ಭಾಗದ ಸುಟ್ಟ ಕೈಗಳನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ನಿಮ್ಮ ಮನೆಯವರಿಗೂ ಓದಿ ಹೇಳಿ, ಯಾಕೆಂದರೆ ಕೆಲಸದ ಬಹುಭಾಗ ಮಾಡಬೇಕಾದವರು ಅವರೇ.

ಗಾಯ ಒಣಗಿದೆ ಎಂದು ಬರೆದಿದ್ದೀರಿ. ಮೇಲಿನ ಗಾಯ ಒಣಗಿದೆ, ನಿಜ. ಒಳಗಿನ ಕೆಲಸ ಇನ್ನೂ ಮುಗಿದಿಲ್ಲ. ಸುಟ್ಟ ಜಾಗದಲ್ಲಿ ಮೈ ಹೊಸ ನಾರುಗಳನ್ನು ಕಟ್ಟುತ್ತಲೇ ಇರುತ್ತದೆ, ಕಟ್ಟಿದ್ದನ್ನು ಎಳೆದು ಕುಗ್ಗಿಸುತ್ತಲೇ ಇರುತ್ತದೆ. ಕಲೆ ಕೆಂಪಗೆ, ಗಟ್ಟಿಯಾಗಿ, ಉಬ್ಬಿಕೊಂಡು, ತುರಿಕೆ ಬರುವಂತೆ ಇದ್ದರೆ ಈ ಕೆಲಸ ಜೋರಾಗಿ ನಡೆಯುತ್ತಿದೆ ಎಂದು ಅರ್ಥ. ಅದು ತಣ್ಣಗಾಗಿ, ಬಣ್ಣ ಮಾಸಿ, ಮೆತ್ತಗಾಗಲು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಬೇಕು. ಐದನೇ ತಿಂಗಳು ಅಂದರೆ ಕಲೆ ಇನ್ನೂ ಎಳೆಯದು. ಎಳೆಯ ಕಲೆ ಕೆಟ್ಟದಾಗಿ ಕುಗ್ಗಲೂಬಹುದು, ನಾವು ಹೇಳಿದಂತೆ ಬಗ್ಗಲೂಬಹುದು. ಆದ್ದರಿಂದ ಈಗಿನ ಒಂದೊಂದು ವಾರಕ್ಕೂ ಬೆಲೆ ಇದೆ. ರೋಬೋಟ್ ಬೇಕಾ ಬೇಡವಾ ಎಂದು ಯೋಚಿಸುತ್ತಾ ಎರಡು ತಿಂಗಳು ಸುಮ್ನೆ ಕಳೆದರೆ ಅದೇ ದೊಡ್ಡ ನಷ್ಟ.

ಕೈಯ ಹಿಂಬದಿಯ ಚರ್ಮ ತೆಳ್ಳಗೆ, ಸಡಿಲವಾಗಿ ಇರುತ್ತದೆ. ಮುಷ್ಟಿ ಕಟ್ಟಿದಾಗ ಅದು ಹಿಗ್ಗಿ ಜಾಗ ಕೊಡಬೇಕು. ಅಲ್ಲಿ ಸುಟ್ಟಾಗ ಕೈ ಹೆಚ್ಚಾಗಿ ಒಂದೇ ಥರ ಕೆಡುತ್ತದೆ. ಬೆರಳಿನ ಬುಡದ ದೊಡ್ಡ ಗೆಣ್ಣುಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. ನಡುವಿನ ಗೆಣ್ಣುಗಳು ಮಡಚಿಕೊಳ್ಳುತ್ತವೆ. ಹೆಬ್ಬೆರಳು ಅಂಗೈ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಮಣಿಕಟ್ಟು ಬಾಗುತ್ತದೆ. ಒಟ್ಟಿನಲ್ಲಿ ಪಂಜದ ಆಕಾರ. ಅದಕ್ಕೇ ಹಿಂಬದಿ ಸುಟ್ಟ ಕೈಗೆ ಸ್ಪ್ಲಿಂಟ್ (ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ) ಮಾಡುವಾಗ ಇದರ ತದ್ವಿರುದ್ಧ ಭಂಗಿಯಲ್ಲಿ ಕೂರಿಸುತ್ತೇವೆ. ಮಣಿಕಟ್ಟು ಸ್ವಲ್ಪ ಮೇಲಕ್ಕೆ, ಬುಡದ ಗೆಣ್ಣುಗಳು 70 ಡಿಗ್ರಿಯಷ್ಟೋ ಇನ್ನೂ ಜಾಸ್ತಿಯೋ ಮಡಚಿ, ಮುಂದಿನ ಗೆಣ್ಣುಗಳು ನೇರ, ಹೆಬ್ಬೆರಳು ಅಂಗೈಯಿಂದ ದೂರ. ಅಂಗೈ ಸುಟ್ಟಿದ್ದರೆ ಲೆಕ್ಕ ಬೇರೆ, ಆಗ ಕೈಯನ್ನು ಚಪ್ಪಟೆಯಾಗಿ ತೆರೆದಿಡಬೇಕು. ನಿಮ್ಮ ಪತ್ರದಲ್ಲಿ ಸ್ಪ್ಲಿಂಟ್ ಮಾತೇ ಇಲ್ಲ. ಕೊಟ್ಟಿಲ್ಲವೋ, ಕೊಟ್ಟು ಬಿಟ್ಟುಬಿಟ್ಟಿದ್ದೀರೋ? ಇದನ್ನು ಮೊದಲು ವಿಚಾರಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಷ್ಟಿ ಕಟ್ಟಲು ಆಗದೇ ಇರೋದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ಚರ್ಮ ಬಿಡುತ್ತಿಲ್ಲ, ಕೀಲು ಬಿಡುತ್ತಿಲ್ಲ, ಇಲ್ಲವೇ ಸ್ನಾಯು ಎಳೆಯುತ್ತಿಲ್ಲ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಔಷಧ ಮಾತ್ರ ಮೂರಕ್ಕೂ ಬೇರೆ. ರೋಬೋಟ್ ಹೆಚ್ಚು ಕೆಲಸ ಮಾಡೋದು ಮೂರನೆಯದಕ್ಕೆ. ಇದನ್ನು ನೋಡದೆ 20 ಸಿಟ್ಟಿಂಗ್ ಬೇಕು ಎಂದು ಯಾರೇ ಹೇಳಿದರೂ ಅದು ಅಂದಾಜಿನ ಮಾತು.

ಪತ್ತೆ ಮಾಡುವ ವಿಧಾನ ಹೀಗೆ. ಇದನ್ನು ಥೆರಪಿಸ್ಟ್ ಎದುರಿಗೆ ಮಾಡಿಸಿದರೆ ಒಳ್ಳೆಯದು, ಆದರೆ ಏನು ನಡೆಯುತ್ತಿದೆ ಎಂದು ನಿಮಗೂ ತಿಳಿದಿರಲಿ. ಮೊದಲು ಅವರಿಗೇ ಬೆರಳು ಮಡಚಲು ಹೇಳಿ. ಎಲ್ಲಿಗೆ ನಿಲ್ಲುತ್ತದೆ ನೋಡಿ. ಆಮೇಲೆ ಎಡಗೈಯಿಂದ ಮೆಲ್ಲಗೆ, ಜೋರು ಮಾಡದೆ, ಅದೇ ಬೆರಳನ್ನು ಮಡಚಲಿ. ತಾನಾಗಿ ಮಡಚಿದ್ದಕ್ಕಿಂತ ಸಹಾಯ ಮಾಡಿದಾಗ ತುಂಬಾ ಜಾಸ್ತಿ ಮಡಚಿದರೆ, ದಾರಿ ತೆರೆದಿದೆ, ಎಳೆಯುವ ಶಕ್ತಿ ಸಾಲುತ್ತಿಲ್ಲ ಎಂದು ಅರ್ಥ. ತಿಂಗಳುಗಟ್ಟಲೆ ಬ್ಯಾಂಡೇಜಿನಲ್ಲಿ ಇದ್ದ ಕೈಯ ಸ್ನಾಯು ಸೊರಗಿರುತ್ತದೆ. ಬೆರಳನ್ನು ಎಳೆಯುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ, ಸುತ್ತಲಿನ ಕಲೆಗೆ ಅಂಟಿಕೊಂಡಿರಲೂಬಹುದು. ನೋವಿನ ಭಯವೂ ಇರುತ್ತದೆ. ಕೈ ಅಲ್ಲಾಡಿಸಿದರೆ ಚರ್ಮ ಬಿರಿದುಬಿಡುತ್ತದೆ ಎಂದು ಹೆದರಿ ಬೆರಳನ್ನು ಮುಟ್ಟದೇ ಇರುವವರು ಎಷ್ಟೋ ಜನ. ಆ ಭಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಸಹಾಯ ಮಾಡಿದರೂ ಬೆರಳು ಅಲ್ಲೇ ನಿಂತರೆ, ಕೈಯ ಹಿಂಬದಿಯ ಕಲೆಯನ್ನು ನೋಡಿ. ಅದು ಬಿಗಿದು ಬೆಳ್ಳಗಾಗುತ್ತಿದೆಯಾ? ಹಾಗಾದರೆ ತಡೆಯುತ್ತಿರೋದು ಚರ್ಮ. ಬಿಗಿಯಾದ ಕುಪ್ಪಸದ ತೋಳು ಮೊಣಕೈ ಮಡಚಲು ಬಿಡೋದಿಲ್ಲವಲ್ಲ, ಹಾಗೆ. ಮೊಣಕೈ ಚೆನ್ನಾಗೇ ಇರುತ್ತದೆ, ಬಟ್ಟೆ ಸಾಲುತ್ತಿಲ್ಲ. ಇದನ್ನು ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಉಪಾಯ ಇದೆ. ಬುಡದ ಗೆಣ್ಣನ್ನು ನೇರ ಇಟ್ಟು ನಡುವಿನ ಗೆಣ್ಣು ಎಷ್ಟು ಮಡಚುತ್ತದೆ ನೋಡಬೇಕು. ಆಮೇಲೆ ಬುಡದ ಗೆಣ್ಣನ್ನು ಮಡಚಿಟ್ಟು ಮತ್ತೆ ನೋಡಬೇಕು. ಬುಡ ಮಡಚಿಟ್ಟಾಗ ನಡುವಿನದು ಕಮ್ಮಿ ಮಡಚಿದರೆ, ಹಿಂಬದಿಯ ಚರ್ಮವೋ ಅದರ ಕೆಳಗಿನ ಟೆಂಡನ್ನೋ ಸಾಲುತ್ತಿಲ್ಲ. ಎರಡು ಭಂಗಿಯಲ್ಲೂ ಒಂದೇ ಜಾಗಕ್ಕೆ ಗಟ್ಟಿಯಾಗಿ ನಿಂತರೆ ಕೀಲೇ ಹಿಡಿದುಕೊಂಡಿದೆ. ಐದು ತಿಂಗಳ ಕೈಯಲ್ಲಿ ಇವು ಬೆರೆತೇ ಇರುತ್ತವೆ, ಒಂದು ಬೆರಳಿಗೆ ಒಂದು ಕಾರಣ, ಪಕ್ಕದ ಬೆರಳಿಗೆ ಇನ್ನೊಂದು. ಅದಕ್ಕೇ ಬೆರಳು ಬೆರಳಾಗಿ ನೋಡಬೇಕು.

ಒಂದು ಎಚ್ಚರಿಕೆ. ಹಿಂಬದಿ ಆಳವಾಗಿ ಸುಟ್ಟಾಗ ನಡುವಿನ ಗೆಣ್ಣಿನ ಮೇಲೆ ಹಾದುಹೋಗುವ ತೆಳುವಾದ ಟೆಂಡನ್‌ಗೆ ಪೆಟ್ಟಾಗಿರಬಹುದು. ಆ ಗೆಣ್ಣನ್ನು ನೇರ ಮಾಡೋದು ಅದೇ. ಪೆಟ್ಟಾದ ಆ ಟೆಂಡನ್ ಮೇಲೆ ಬಲವಂತದ ಮುಷ್ಟಿ ಕಟ್ಟಿಸಿದರೆ ಅದು ಹರಿಯಬಹುದು. ಆಮೇಲೆ ನಡುಗೆಣ್ಣು ಮಡಚಿಕೊಂಡೇ ಉಳಿಯುತ್ತದೆ, ತುದಿಗೆಣ್ಣು ಹಿಂದಕ್ಕೆ ಸೆಟೆದುಕೊಳ್ಳುತ್ತದೆ. ನಿಮ್ಮ ಮನೆಯವರ ಯಾವುದಾದರೂ ಬೆರಳಿನ ನಡುಗೆಣ್ಣು ತಾನಾಗಿ ನೇರ ಆಗುತ್ತಿಲ್ಲವಾದರೆ, ಕಸಿ ಮಾಡಿದ ಸರ್ಜನ್ ನೋಡುವ ತನಕ ಆ ಬೆರಳಿಗೆ ಮುಷ್ಟಿಯ ವ್ಯಾಯಾಮ ಬೇಡ. ರೋಬೋಟ್ ಅಂತೂ ಮುಟ್ಟಲೇಬಾರದು.

ರೋಬೋಟ್ ಅಂದಾಗ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಿಜಕ್ಕೂ ಅದು ಬೆರಳನ್ನು ಮಡಚಿ ಬಿಡಿಸುವ, ಎಷ್ಟು ಮಡಚಿತು ಎಂದು ಅಳೆಯುವ ಯಂತ್ರ. ಕೆಲವು ಕೈಮೇಲೆ ಕವಚದಂತೆ ಕೂರುತ್ತವೆ, ತಂತಿಯೋ ಗಾಳಿಯೋ ಬೆರಳನ್ನು ಎಳೆಯುತ್ತದೆ. ಇಟಲಿಯ ಗ್ಲೋರೆಹಾ ಈ ಜಾತಿಯದು. ಆಸ್ಟ್ರಿಯಾದ ಅಮಾಡಿಯೊದಂಥವು ಕೈಯನ್ನು ಒಂದು ಕಡೆ ಇರಿಸಿ, ಬೆರಳ ತುದಿಗಳನ್ನು ಮಾತ್ರ ಹಿಡಿದು ಹಿಂದೆ ಮುಂದೆ ಓಡಿಸುತ್ತವೆ. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಹ್ಯಾಂಡ್ ಆಫ್ ಹೋಪ್ ಎಂಬ ಯಂತ್ರ ಮುಂದೋಳಿನ ಸ್ನಾಯುಗಳ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದಲೇ ಓದುತ್ತದೆ. ಮಡಚಬೇಕು ಎಂದು ರೋಗಿ ಪ್ರಯತ್ನಿಸಿದರೆ ಸಾಕು, ಯಂತ್ರ ಉಳಿದ ಸಹಾಯ ಮಾಡುತ್ತದೆ. ಎದುರಿಗೆ ಪರದೆಯ ಮೇಲೆ ಆಟ ಇರುತ್ತದೆ. ಬೆರಳು ಮಡಚಿದಾಗ ಚೆಂಡು ಏರುತ್ತದೆ, ಬಿಡಿಸಿದಾಗ ಇಳಿಯುತ್ತದೆ.

ಇದೆಲ್ಲ ಮೊದಲು ಬಂದಿದ್ದು ಪಾರ್ಶ್ವವಾಯುವಿನ ರೋಗಿಗಳಿಗೆ. ಅವರ ಚರ್ಮ ಚೆನ್ನಾಗಿರುತ್ತದೆ, ಕೀಲು ಚೆನ್ನಾಗಿರುತ್ತದೆ, ಮಿದುಳಿನಿಂದ ಆಜ್ಞೆ ಬರುತ್ತಿರೋದಿಲ್ಲ. ಅವರಿಗೆ ಬೇಕಾಗಿದ್ದು ನೂರಾರು ಸಲ ಮಾಡುವ ಅಭ್ಯಾಸ. ಸುಟ್ಟ ಕೈಯಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಮಿದುಳಿನಿಂದ ಆಜ್ಞೆ ಬರುತ್ತದೆ, ಬೆರಳಿಗೆ ಹೋಗಲು ಜಾಗ ಇರೋದಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಸೆಂಟರ್‌ನವರು ತೋರಿಸುವ ವಿಡಿಯೋಗಳಲ್ಲಿ ಹೆಚ್ಚಿನವು ಪಾರ್ಶ್ವವಾಯುವಿನವರದ್ದೇ ಇರಬಹುದು, ಕೇಳಿ ನೋಡಿ.

ಪಾರ್ಶ್ವವಾಯುವಿನಲ್ಲೂ ರೋಬೋಟ್ ಪವಾಡ ಮಾಡಿಲ್ಲ. 2019ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. 770 ರೋಗಿಗಳು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ, 45 ನಿಮಿಷದಂತೆ 12 ವಾರ ತೋಳಿನ ರೋಬೋಟ್ ತರಬೇತಿ. ಮಾಮೂಲಿ ಆರೈಕೆ ಪಡೆದವರಿಗಿಂತ ಅವರ ಕೈ ಕೆಲಸದಲ್ಲಿ ಹೇಳಿಕೊಳ್ಳುವಂಥ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಬೇರೆ ಅಧ್ಯಯನಗಳಲ್ಲಿ ಸ್ವಲ್ಪ ಲಾಭ ಕಂಡಿದೆ. ಸುಟ್ಟಗಾಯದವರಿಗೆ ರೋಬೋಟ್ ಬಳಸುವ ಕೆಲಸದಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ವೈದ್ಯರು ಮುಂದಿದ್ದಾರೆ. ಆದರೆ ಇಡೀ ಕ್ಷೇತ್ರವೇ ಹೊಸದು, ಅಧ್ಯಯನಗಳು ಚಿಕ್ಕವು. ಅವುಗಳಲ್ಲಿ ಯಂತ್ರವನ್ನು ಕೊಡೋದು ಮಾಮೂಲಿ ಥೆರಪಿಯ ಜೊತೆಗೆ. ಇದನ್ನು ಸೆಂಟರ್‌ನವರ ಬಾಯಿಂದಲೂ ಕೇಳಿಸಿಕೊಳ್ಳಿ. ಸ್ಪ್ಲಿಂಟ್ ಬೇಡ, ಗ್ಲೌಸ್ ಬೇಡ, ನಮ್ಮ ಯಂತ್ರ ಒಂದೇ ಸಾಕು ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಯಾವ ಸುಟ್ಟ ಕೈಗೆ ರೋಬೋಟ್‌ನಿಂದ ಲಾಭ? ಸಹಾಯ ಮಾಡಿದಾಗ ಮಡಚುವ, ತಾನಾಗಿ ಮಡಚದ ಕೈಗೆ. ಭಯದಿಂದ ಹಿಡಿದುಕೊಂಡ ಕೈಗೆ ಕೂಡ. ಆಟದಲ್ಲಿ ಗಮನ ಹೋದಾಗ ನೋವು ಹಿಂದೆ ಸರಿಯುತ್ತದೆ. ಸುಟ್ಟಗಾಯದವರಿಗೆ ಡ್ರೆಸ್ಸಿಂಗ್ ಮಾಡುವಾಗ ಹಿಮದ ಲೋಕದಲ್ಲಿ ಓಡಾಡುವ ಕಂಪ್ಯೂಟರ್ ಆಟ ತೋರಿಸಿ ನೋವು ಕಮ್ಮಿ ಮಾಡಬಹುದು ಎಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ತತ್ವ ಒಂದೇ. ಕರೆಂಟ್ ಹೊಡೆದು ನರಕ್ಕೂ ಪೆಟ್ಟಾದ ಕೈಗೂ ರೋಬೋಟ್ ಒದಗಬಹುದು. ಬೋರ್‌ವೆಲ್ ಮೋಟಾರ್ ಸ್ಟಾರ್ಟರ್ ಮುಟ್ಟಿ ಕೈ ಸುಟ್ಟುಕೊಂಡವರು ನಮ್ಮ ಕಡೆ ಕಮ್ಮಿ ಇಲ್ಲ. ಅಂಥವರ ಸ್ನಾಯು ಮತ್ತೆ ಕೆಲಸ ಕಲಿಯಬೇಕಾಗುತ್ತದೆ, ಅಲ್ಲಿ ನೂರಾರು ಸಲದ ಅಭ್ಯಾಸ ಬೇಕೇ ಬೇಕು.

ಚರ್ಮ ತಡೆಯುತ್ತಿರುವ ಕೈಗೆ ರೋಬೋಟ್ ಮಾಡುವ ಕೆಲಸ ಕಮ್ಮಿ. ಕಾರಣ ಇದೆ. ಕುಗ್ಗಿದ ಕಲೆ ಉದ್ದ ಆಗೋದು ಜೋರಾಗಿ ಎಳೆದಾಗ ಅಲ್ಲ, ಕಮ್ಮಿ ಬಲದಲ್ಲಿ ತುಂಬಾ ಹೊತ್ತು ಎಳೆದು ಹಿಡಿದಾಗ. ಯಂತ್ರ ಬೆರಳನ್ನು ಮಡಚುತ್ತದೆ, ಕೆಲವು ಸೆಕೆಂಡಿನಲ್ಲಿ ಬಿಡುತ್ತದೆ, ಮತ್ತೆ ಮಡಚುತ್ತದೆ. ಅರ್ಧ ಗಂಟೆಯಲ್ಲಿ ಕೈ ಸಡಿಲ ಆದಂತೆ ಅನಿಸುತ್ತದೆ, ಅದು ನಿಜವೂ ಹೌದು. ಆಮೇಲೆ ಬಸ್ಸಿನಲ್ಲಿ ಕೈ ಇಳಿಬಿಟ್ಟುಕೊಂಡು ಶಿಡ್ಲಘಟ್ಟಕ್ಕೆ ವಾಪಸ್ ಬರುತ್ತೀರಿ. ರಾತ್ರಿ ಸ್ಪ್ಲಿಂಟ್ ಇಲ್ಲದೆ ಮಲಗುತ್ತಾರೆ. ಬೆಳಗ್ಗೆ ಎದ್ದಾಗ ಕೈ ಮತ್ತೆ ಮೊದಲಿನ ಹಾಗೇ ಬಿಗಿದಿರುತ್ತದೆ. ಯಂತ್ರದಲ್ಲಿ ಅರ್ಧ ಗಂಟೆ, ಕಲೆಗೆ ದಿನದ ಉಳಿದ ಇಪ್ಪತ್ತಮೂರೂವರೆ ಗಂಟೆ. ಈ ಲೆಕ್ಕ ಸರಿಮಾಡದೆ ಎಷ್ಟು ಸಿಟ್ಟಿಂಗ್ ಮಾಡಿಸಿದರೂ ದುಡ್ಡು ಕರಗುತ್ತದೆ ಅಷ್ಟೇ. ನಿಮ್ಮ ಪತ್ರ ಓದಿದರೆ ನಿಮ್ಮ ಮನೆಯವರಲ್ಲಿ ಚರ್ಮದ ಪಾಲೇ ದೊಡ್ಡದು ಎಂದು ನನಗೆ ಅನಿಸುತ್ತದೆ, ಅದರಲ್ಲೂ ಹೆಬ್ಬೆರಳಿನ ಸಂದಿಯಲ್ಲಿ. ಕೈ ನೋಡದೆ ಇದಕ್ಕಿಂತ ಗಟ್ಟಿಯಾಗಿ ಹೇಳೋದು ಸರಿಯಲ್ಲ.

ಆನ್‌ಲೈನ್ ಗ್ಲೌಸ್ ಯಾಕೆ ಬೇಡ ಅಂದೆ? ಗಾಳಿ ತುಂಬುವ ಸಣ್ಣ ಪಂಪಿನ ಆ ಗ್ಲೌಸುಗಳೂ ಪಾರ್ಶ್ವವಾಯುವಿನವರಿಗೆ ಎಂದೇ ಮಾಡಿದ್ದು. ಹೆಚ್ಚಿನವು ಐದೂ ಬೆರಳನ್ನು ಒಟ್ಟಿಗೆ ಎಳೆಯುತ್ತವೆ. ಯಾವ ಬೆರಳು ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ತಿಳಿಯೋದಿಲ್ಲ. ಕಸಿ ಚರ್ಮ ಉಜ್ಜಾಟಕ್ಕೆ ಬೇಗ ಬೊಬ್ಬೆ ಬರುತ್ತದೆ. ಪಟ್ಟಿ ಬಿಗಿಯಾದ ಕಡೆ ಚರ್ಮ ಕಿತ್ತು ಬರಬಹುದು. ಕಸಿ ಮಾಡಿದ ಜಾಗದಲ್ಲಿ ಸ್ಪರ್ಶ ಕಮ್ಮಿ ಇರೋದರಿಂದ ಅವರಿಗೆ ತಕ್ಷಣ ಗೊತ್ತೂ ಆಗೋದಿಲ್ಲ. ನಾನು ಮೇಲೆ ಹೇಳಿದ ನಡುಗೆಣ್ಣಿನ ಟೆಂಡನ್ ದುರ್ಬಲವಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ನಿಮ್ಮ ಮಗ ಅಮ್ಮನ ಮೇಲಿನ ಪ್ರೀತಿಯಿಂದಲೇ ಹುಡುಕಿದ್ದಾನೆ. ಆ ದುಡ್ಡಿನಲ್ಲಿ ಇನ್ನೊಂದು ಜೊತೆ ಪ್ರೆಷರ್ ಗ್ಲೌಸ್ (ಆಸ್ಪತ್ರೆಯವರು ಕೊಟ್ಟಂಥ ಬಿಗಿ ಗ್ಲೌಸ್) ಮತ್ತು ಕಲೆಯ ಮೇಲೆ ಹಾಕುವ ಸಿಲಿಕೋನ್ ಜೆಲ್ ಶೀಟ್ ತರಲು ಹೇಳಿ.

ಗ್ಲೌಸ್ ವಿಷಯಕ್ಕೆ ಬಂದೆ. ತುರಿಕೆ ಅಂತ ಬಿಟ್ಟಿದ್ದಾರೆ ಅಂದಿರಿ. ಅವರನ್ನು ಬೈಯಬೇಡಿ. ಸುಟ್ಟ ಕಲೆಯ ತುರಿಕೆ ನಿದ್ದೆ ಕೆಡಿಸುವಂಥದ್ದು, ಅದು ಮಾಮೂಲಿ ತುರಿಕೆ ಅಲ್ಲ. ಕಸಿ ಚರ್ಮದಲ್ಲಿ ಬೆವರು, ಎಣ್ಣೆ ಗ್ರಂಥಿಗಳು ಕಮ್ಮಿ, ಹಾಗಾಗಿ ಒಣಗುತ್ತದೆ, ಒಣಗಿದರೆ ಕೆರೆಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿ, ಐದು ಹತ್ತು ನಿಮಿಷ ಹೆಬ್ಬೆರಳಿನಿಂದ ಕಲೆ ಬೆಳ್ಳಗಾಗುವಷ್ಟು ಒತ್ತಿ ಮಸಾಜ್ ಮಾಡಲಿ. ಜಾರಿಸಿ ಉಜ್ಜುವುದು ಬೇಡ, ಒತ್ತಿ ಸುತ್ತಿಸುವುದು. ಆದರೂ ತಡೆಯಲಾಗದಿದ್ದರೆ ತುರಿಕೆಗೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ, ಸಹಿಸಿಕೊಂಡು ಕೂರುವ ಅಗತ್ಯ ಇಲ್ಲ. ಗ್ಲೌಸಿನ ಒತ್ತಡವೇ ಎಷ್ಟೋ ಜನರಿಗೆ ತುರಿಕೆ ಕಮ್ಮಿ ಮಾಡುತ್ತದೆ. ಮೊದಲ ದಿನವೇ ಪೂರ್ತಿ ಹಾಕಿಸಬೇಡಿ. ಎರಡು ಗಂಟೆಯಿಂದ ಶುರು ಮಾಡಿ ದಿನ ದಿನ ಏರಿಸಿ. ಗುರಿ ದಿನಕ್ಕೆ 23 ಗಂಟೆ, ಅಂದರೆ ಸ್ನಾನ, ಮಸಾಜ್ ಸಮಯ ಬಿಟ್ಟು ಉಳಿದದ್ದೆಲ್ಲ. ಎರಡು ಜೊತೆ ಇದ್ದರೆ ಒಂದು ಒಗೆದಾಗ ಇನ್ನೊಂದು. ಮೂರು ತಿಂಗಳಲ್ಲಿ ಎಲಾಸ್ಟಿಕ್ ಸಡಿಲವಾಗುತ್ತದೆ, ಆಗ ಹೊಸ ಅಳತೆ ಕೊಡಬೇಕು. ತಿಂಗಳುಗಳ ಹಿಂದೆ ಊದಿದ್ದ ಕೈಗೆ ಅಳತೆ ತೆಗೆದ ಗ್ಲೌಸ್ ಈಗ ಕೆಲಸ ಮಾಡೋದಿಲ್ಲ. ಪ್ರೆಷರ್ ಗ್ಲೌಸ್ ಎಷ್ಟು ಲಾಭ ಎಂಬುದರ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತ ಇಲ್ಲ, ಕಲೆಯ ಎತ್ತರ ಸ್ವಲ್ಪ ಇಳಿಯುತ್ತದೆ ಎಂಬಷ್ಟಕ್ಕೆ ಆಧಾರ ಇದೆ. ಬೆರಳ ಸಂದಿಗಳಲ್ಲಿ ಗ್ಲೌಸ್ ಸರಿಯಾಗಿ ಕೂರಿಸಿದರೆ ಅಲ್ಲಿ ಚರ್ಮ ಜೋಡಿಕೊಳ್ಳುವುದನ್ನು ತಡೆಯಲು ಅದು ನೆರವಾಗುತ್ತದೆ ಎಂಬುದು ನನ್ನ ಅನುಭವ. ಅದಕ್ಕೇ ಬಿಡಬೇಡಿ ಅನ್ನುತ್ತೇನೆ.

ಇನ್ನು ಮನೆಯಲ್ಲಿ ಮಾಡುವ ಕೆಲಸ. ಇಲ್ಲಿ ಕ್ರಮ ಮುಖ್ಯ. ಮೊದಲು ಎಣ್ಣೆ ಮಸಾಜ್, ಚರ್ಮ ಮೆತ್ತಗಾಗಲಿ. ಆಮೇಲೆ ನಿಧಾನದ ಎಳೆತ. ಬೆರಳುಗಳನ್ನು ಆಗುವಷ್ಟು ಮಡಚಿ, ಅಗಲವಾದ ಮೆತ್ತನೆ ಬ್ಯಾಂಡೇಜಿನಿಂದ ಸಡಿಲವಾಗಿ ಸುತ್ತಿ, ಹತ್ತು ಹದಿನೈದು ನಿಮಿಷ ಹಾಗೇ ಇರಲಿ. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ ಬಿಚ್ಚಿ. ಎಳೆದ ಅನುಭವ ಆಗಬೇಕು, ಚುಚ್ಚುವ ನೋವು ಆಗಬಾರದು. ಬಿಚ್ಚಿದ ತಕ್ಷಣ, ಚರ್ಮ ಜಾಗ ಬಿಟ್ಟಿರುವಾಗಲೇ, ತಾನಾಗಿ ಮಡಚಿ ಬಿಡಿಸುವ ವ್ಯಾಯಾಮ. ಒಂದೊಂದು ಗೆಣ್ಣನ್ನೂ ಬೇರೆ ಬೇರೆಯಾಗಿ. ರೋಬೋಟ್ ಬಳಸುವುದಾದರೂ ಅದರ ಜಾಗ ಇದೇ, ಎಳೆತದ ನಂತರ. ದಿನಕ್ಕೆ ಒಂದೇ ಸಲ ಒಂದು ಗಂಟೆ ಮಾಡೋದಕ್ಕಿಂತ ಹತ್ತು ನಿಮಿಷದಂತೆ ಐದಾರು ಸಲ ಮಾಡೋದು ಒಳ್ಳೆಯದು. ಕೊನೆಗೆ ರಾತ್ರಿ ಸ್ಪ್ಲಿಂಟ್. ಹೆಬ್ಬೆರಳಿನ ಸಂದಿಗೆ ಬೇರೆಯಾಗಿ ಒಂದು ಸ್ಪ್ಲಿಂಟ್ ಬೇಕಾಗಬಹುದು, ಸಂದಿಯನ್ನು ಅಗಲಿಸಿ ಹಿಡಿಯುವಂಥದ್ದು. ಬಿಸಿ ಮೇಣದ ಚಿಕಿತ್ಸೆ ಕೊಡುತ್ತೇವೆ ಎಂದರೆ, ಸ್ಪರ್ಶ ಪರೀಕ್ಷೆ ಮಾಡಿದ ಮೇಲೆ ಮಾತ್ರ ಒಪ್ಪಿಕೊಳ್ಳಿ. ಬಿಸಿ ತಿಳಿಯದ ಚರ್ಮ ಮತ್ತೆ ಸುಡುತ್ತದೆ.

ವ್ಯಾಯಾಮ ಅಂದರೆ ಬರೀ ಮಡಚೋದು ಬಿಡಿಸೋದು ಅಲ್ಲ. ಅವರ ಕೈ ಇಷ್ಟು ವರ್ಷ ಮಾಡಿದ ಕೆಲಸ ಯಾವುದು? ನೂಲಿನ ಎಳೆ ಹುಡುಕೋದು, ಹರಿದ ಎಳೆಗೆ ಗಂಟು ಹಾಕೋದು. ಹೆಬ್ಬೆರಳು, ತೋರುಬೆರಳಿನ ತುದಿಗಳ ಅಷ್ಟು ಸೂಕ್ಷ್ಮವಾದ ಹಿಡಿತ ಕಲಿಸುವ ಯಂತ್ರ ನಾನು ಕಂಡಿಲ್ಲ. ಆದ್ದರಿಂದ ಒಣ ನೂಲು ಕೊಟ್ಟು ಕೂರಿಸಿ. ಮೊದಲು ದಪ್ಪ ದಾರ, ಆಮೇಲೆ ಹೊಲಿಗೆ ದಾರ, ಕೊನೆಗೆ ರೇಷ್ಮೆ. ನಡುವೆ ರೊಟ್ಟಿ ತಟ್ಟಲಿ, ಅವರೆಕಾಯಿ ಬಿಡಿಸಲಿ, ಲೋಟ ಹಿಡಿಯಲಿ. ಗುಂಡಿ ಹಾಕೋದನ್ನು ನೀವು ಮಾಡಿಕೊಡಬೇಡಿ, ತಡವಾದರೂ ಅವರೇ ಹಾಕಿಕೊಳ್ಳಲಿ. ಬಿಸಿನೀರಿನ ತೊಟ್ಟಿಗೆ ಮಾತ್ರ ಆ ಕೈ ಇನ್ನೂ ಇಳಿಯಬಾರದು. ಗಂಟೆಗಟ್ಟಲೆ ಬಿಸಿನೀರಿನಲ್ಲಿ ನೆಂದರೆ ಕಸಿ ಚರ್ಮ ಒಡೆಯುತ್ತದೆ, ಒಡೆದ ಕಡೆ ಸೋಂಕು ಬರುತ್ತದೆ. ಚರ್ಮ ಗಟ್ಟಿಯಾಗುವ ತನಕ ತೂಕ, ಲೆಕ್ಕ, ಒಣ ನೂಲಿನ ಕೆಲಸ ಅವರಿಗೆ ಕೊಡಿ. ಬಿಸಿಲಿಗೂ ಆ ಕೈ ಮುಚ್ಚಿರಲಿ, ಇಲ್ಲದಿದ್ದರೆ ಬಣ್ಣ ಕಪ್ಪಾಗಿ ಉಳಿಯುತ್ತದೆ.

ಸುಧಾರಿಸುತ್ತಿದೆಯಾ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಶಾಲೆಯ ಸ್ಕೇಲ್ ಸಾಕು. ಆಗುವಷ್ಟು ಮುಷ್ಟಿ ಕಟ್ಟಿಸಿ, ಮಧ್ಯದ ಬೆರಳಿನ ತುದಿಯಿಂದ ಅಂಗೈಯ ಮೇಲಿನ ಗೆರೆಗೆ ಎಷ್ಟು ಸೆಂಟಿಮೀಟರ್ ಅಂತರ ಇದೆ, ಒಂದು ಪುಸ್ತಕದಲ್ಲಿ ಬರೆದಿಡಿ. ಹೆಬ್ಬೆರಳ ತುದಿ ಯಾವ ಬೆರಳಿನ ತನಕ ಮುಟ್ಟುತ್ತದೆ, ಬರೆದಿಡಿ. ಸರಿಯಾದ ಕೈಯ ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆಯಿರಿ, ಬೆಳಗ್ಗೆ ಬಿಗಿ ಜಾಸ್ತಿ ಇರುತ್ತದೆ. ಫೋಟೋ ತೆಗೆದಿಡಿ. ಈ ಪುಸ್ತಕ ಡಾಕ್ಟರಿಗೆ ತುಂಬಾ ಕೆಲಸಕ್ಕೆ ಬರುತ್ತದೆ.

ಎಲ್ಲಿಗೆ ಹೋಗಬೇಕು? ಮೊದಲು ಕಸಿ ಮಾಡಿದ ಸರ್ಜನ್ ಹತ್ತಿರವೇ. ಅದು ಆಗದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಬೇರೆ ವಿಭಾಗವೇ ಇದೆ. ದಿನದಿನದ ಥೆರಪಿಗೆ ಅಷ್ಟು ದೂರ ಹೋಗೋದು ಕಷ್ಟ. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲೋ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲೋ, ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ ಫಿಸಿಯೋಥೆರಪಿ ವಿಭಾಗದವರನ್ನು ಕಂಡು, ಕೈ ಸ್ಪ್ಲಿಂಟ್ ಮಾಡುವವರು ಯಾರು ಎಂದು ಕೇಳಿ. ತಿಂಗಳಿಗೊಮ್ಮೆ ಬೆಂಗಳೂರು, ವಾರಕ್ಕೆ ಎರಡು ಸಲ ಹತ್ತಿರದಲ್ಲಿ, ದಿನವೂ ಮನೆಯಲ್ಲಿ. ಈ ಮೂರು ಸೇರಿದರೆ ನಡೆಯುತ್ತದೆ. ಬಸ್ಸಿನಲ್ಲಿ ಹೋಗುವಾಗ ಕೈ ಇಳಿಬಿಡದೆ ಎದೆಯ ಹತ್ತಿರ ಎತ್ತಿ ಇಟ್ಟುಕೊಳ್ಳಲಿ, ಊತ ಬರೋದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಅದು ದೊಡ್ಡ ಆಸರೆ. ಯಾವುದು ಅದರೊಳಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಕೇಳಿ, ಕೈಯಿಂದ ಹಣ ಕಟ್ಟುವ ಮುಂಚೆ ಕೇಳಿ.

ಇಷ್ಟೆಲ್ಲ ಆದಮೇಲೂ ಥೆರಪಿಸ್ಟ್ ನೋಡಿ, ಸ್ನಾಯುವಿನ ಪಾಲು ದೊಡ್ಡದು, ರೋಬೋಟ್ ಒಳ್ಳೆಯದು ಎಂದರೆ ಖಂಡಿತ ಮಾಡಿಸಿ. ಆದರೆ ಸೆಂಟರ್‌ನವರಿಗೆ ಕೆಲವು ಮಾತು ಕೇಳಿ. ಸುಟ್ಟ ಕೈಗಳಿಗೆ ಈ ಯಂತ್ರ ಬಳಸಿದ್ದೀರಾ? ಒಂದೊಂದು ಬೆರಳಿಗೂ ಬೇರೆ ಮಿತಿ ಇಡಲು ಆಗುತ್ತದಾ? ಪೂರ್ತಿ ಹೊತ್ತು ಥೆರಪಿಸ್ಟ್ ಪಕ್ಕದಲ್ಲಿ ಇರುತ್ತಾರಾ, ಯಂತ್ರ ಹಾಕಿ ಹೋಗುತ್ತಾರಾ? ಮುಂಚೆ ಮತ್ತು ಆಮೇಲೆ ಅಳತೆ ಬರೆದು ಕೊಡುತ್ತೀರಾ? ಮೊದಲು ಆರು ಸಿಟ್ಟಿಂಗ್‌ಗೆ ಮಾತ್ರ ಹಣ ಕಟ್ಟುತ್ತೇವೆ ಎನ್ನಿ. ಆರು ಮುಗಿದಾಗ ನಿಮ್ಮ ಸ್ಕೇಲ್ ಪುಸ್ತಕ ತೆರೆಯಿರಿ. ಬೆರಳ ತುದಿ ಅಂಗೈಗೆ ಹತ್ತಿರ ಬಂದಿದ್ದರೆ, ಆ ಲಾಭ ಮರುದಿನ ಬೆಳಗ್ಗೆಯೂ ಉಳಿದಿದ್ದರೆ ಮುಂದುವರಿಸಿ. ಇಲ್ಲದಿದ್ದರೆ ನಿಲ್ಲಿಸಿ. ಬೊಬ್ಬೆ, ಹೊಸ ಗಾಯ, ಮರುದಿನದ ತನಕ ಇಳಿಯದ ಊತ ಬಂದರೆ ಆ ದಿನವೇ ನಿಲ್ಲಿಸಿ.

ಇನ್ನೊಂದು ಸಾಧ್ಯತೆಗೂ ತಯಾರಿರಿ. ಹೆಬ್ಬೆರಳಿನ ಸಂದಿ ಇಷ್ಟೆಲ್ಲ ಮಾಡಿದರೂ ತೆರೆಯದಿದ್ದರೆ ಸರ್ಜರಿ ಬೇಕಾಗಬಹುದು. ಕಲೆಯನ್ನು ಬಿಡಿಸಿ, ಪಕ್ಕದ ಚರ್ಮವನ್ನು ತಿರುಗಿಸಿ ಹೊಲಿಯುವ ವಿಧಾನ ಇದೆ. ಇಲ್ಲವೇ ಮತ್ತೆ ಸಣ್ಣ ಕಸಿ ಮಾಡುತ್ತಾರೆ. ಸಾಮಾನ್ಯವಾಗಿ ಕಲೆ ತಣ್ಣಗಾಗುವ ತನಕ ಕಾಯುತ್ತಾರೆ, ಕೈ ಕೆಲಸಕ್ಕೇ ಬರದಷ್ಟು ಬಿಗಿಯಾಗಿದ್ದರೆ ಬೇಗ ಮಾಡುತ್ತಾರೆ. ಹಾಗೆ ಹೇಳಿದರೆ ಇಲ್ಲಿಯ ತನಕ ಮಾಡಿದ್ದೆಲ್ಲ ದಂಡ ಎಂದು ನಿಮ್ಮ ಮನೆಯವರು ಕುಸಿಯಬಾರದು. ಒಳಗಿನ ಕೀಲು ಸಡಿಲವಾಗಿ, ಸ್ನಾಯು ಗಟ್ಟಿಯಾಗಿ ಇದ್ದ ಕೈಗೆ ಸರ್ಜರಿ ಚೆನ್ನಾಗಿ ಹತ್ತುತ್ತದೆ. ಸರ್ಜರಿ ಆದ ಮೇಲೂ ಇದೇ ಮಸಾಜ್, ಇದೇ ಸ್ಪ್ಲಿಂಟ್, ಇದೇ ಗ್ಲೌಸ್ ಮತ್ತೆ ಬೇಕು, ಮತ್ತು ಆಗ ಅದನ್ನು ಮಾಡೋದು ಹೇಗೆ ಎಂದು ಅವರಿಗೆ ಆಗಲೇ ಗೊತ್ತಿರುತ್ತದೆ. ಸದ್ಯಕ್ಕೆ ಈ ವಾರ ಸರ್ಜನ್ ಹತ್ತಿರ ಹೋಗಿ, ನಡುಗೆಣ್ಣಿನ ಟೆಂಡನ್ ಸರಿ ಇದೆಯಾ ಎಂದು ಕೇಳಿ, ಸ್ಪ್ಲಿಂಟ್‌ಗೆ ಚೀಟಿ ಬರೆಸಿಕೊಳ್ಳಿ.